ನಡೆದರೆ ದಮ್ಮು: ಮಂಡಕ್ಕಿ ಭಟ್ಟಿಯ ಕಾರ್ಮಿಕ ಮಹಿಳೆಯೊಬ್ಬರ ಏದುಸಿರಿನ ಪ್ರಕರಣ ಅಧ್ಯಯನ

ದಾವಣಗೆರೆ ನಗರದ 56 ವರ್ಷದ ಮಹಿಳೆಯೊಬ್ಬರನ್ನು ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಮಗ ಮತ್ತು ಸೊಸೆ ನಮ್ಮ ಎದೆರೋಗ ಚಿಕಿತ್ಸಾಲಯಕ್ಕೆ ಕರೆತಂದರು. ಕುಳಿತಿದ್ದಾಗ ಅವರಿಗೆ ಯಾವ ಕಷ್ಟವೂ ಇರಲಿಲ್ಲ. ಮಾತು ಸರಾಗವಾಗಿತ್ತು, ತುಟಿ ಮತ್ತು ಉಗುರು ನೀಲಿಗಟ್ಟಿರಲಿಲ್ಲ. "ಕೂತ್ರೆ ಏನಿಲ್ಲ, ಎದ್ದು ನಾಕ್ ಹೆಜ್ಜೆ ಹಾಕಿದ್ರೆ ದಮ್ಮು ಬರ್ತತೆ" ಎಂದು ಅವರು ಹೇಳಿದ ದೂರು, ದೀರ್ಘಕಾಲದ ಶ್ವಾಸಕೋಶ ರೋಗವುಳ್ಳವರಲ್ಲಿ ನಾವು ದಿನವೂ ಕೇಳುವಂಥದ್ದೇ. ಆದರೂ ಈ ಪ್ರಕರಣವನ್ನು ವಿವರವಾಗಿ ದಾಖಲಿಸಲು ಒಂದು ಕಾರಣವಿದೆ. ಚಿಕಿತ್ಸೆಯ ಕೊನೆಯಲ್ಲಿ ಅವರ ಶ್ವಾಸಕೋಶದ ಅಂಕಿ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಇತ್ತು, ನಡೆಯುವ ದೂರ ಮಾತ್ರ ಕಾಲುಭಾಗಕ್ಕಿಂತ ಹೆಚ್ಚಾಗಿತ್ತು. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ರೋಗಿಗಳಿಗೂ ಮನೆಯವರಿಗೂ ಬಿಡಿಸಿ ಹೇಳುವುದು ಅಗತ್ಯವೆಂದು ನನಗೆ ಅನಿಸಿದೆ. ರೋಗಿಯ ಮತ್ತು ಕುಟುಂಬದ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬಿಟ್ಟು ಇಲ್ಲಿ ಬರೆಯಲಾಗಿದೆ.

ಹೊಗೆಯ ಚರಿತ್ರೆ

ಇವರು ಬೀಡಿ ಸಿಗರೇಟು ಮುಟ್ಟಿದವರಲ್ಲ. ಹಿಂದೆ ತೋರಿಸಿದ್ದ ಕಡೆಗಳಲ್ಲಿ ವಿಚಾರಣೆ ಬಹುಶಃ ಅಲ್ಲಿಗೇ ನಿಂತಿತ್ತು. ಹಳೆಯ ಚೀಟಿಗಳಲ್ಲಿ "ಆಸ್ತಮಾ" ಎಂದೂ, ಒಂದು ಕಡೆ "ಅಲರ್ಜಿ" ಎಂದೂ ಬರೆಯಲಾಗಿತ್ತು. ಊದಿಸಿ ಉಸಿರಿನ ಗಾಳಿಯನ್ನು ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಒಮ್ಮೆಯೂ ಆಗಿರಲಿಲ್ಲ. ಕೆಲಸ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಉತ್ತರ ಸಿಕ್ಕಿತು. ಮದುವೆಯಾಗಿ ಬಂದ ಮೇಲೆ ಸುಮಾರು 25 ವರ್ಷ ಅವರು ಗಂಡನ ಜೊತೆ ಮಂಡಕ್ಕಿ ಭಟ್ಟಿಯಲ್ಲಿ ದುಡಿದಿದ್ದರು. ದಾವಣಗೆರೆಯಲ್ಲಿ ಬೆಳಗಾದರೆ ಮಂಡಕ್ಕಿ ಮೆಣಸಿನಕಾಯಿ ತಿನ್ನದವರು ಅಪರೂಪ. ಆ ಮಂಡಕ್ಕಿ ತಯಾರಾಗುವ ಜಾಗದಲ್ಲಿ ಮರಳನ್ನು ಚೆನ್ನಾಗಿ ಕಾಯಿಸಿ, ಅದರಲ್ಲಿ ಅಕ್ಕಿ ಹಾಕಿ, ಅರಳಿದ ಕೂಡಲೇ ಮರಳಿನಿಂದ ಜರಡಿ ಹಿಡಿದು ಬೇರ್ಪಡಿಸಬೇಕು. ಕೆಳಗೆ ಉರಿಯುವುದು ಭತ್ತದ ಹೊಟ್ಟು, ಸೌದೆ, ಅವರು ಕೆಲಸ ಮಾಡಿದ ಕಾಲದಲ್ಲಿ ಎಷ್ಟೋ ದಿನ ಹಳೆಯ ಟೈರಿನ ತುಂಡು. ತಗಡಿನ ಸೂರು, ಗೋಡೆಯ ಮೇಲ್ಭಾಗದಲ್ಲಿ ಒಂದು ಕಿಂಡಿ. ಜರಡಿ ಹಿಡಿಯುವ ಕೆಲಸ ಇವರದಾಗಿದ್ದರಿಂದ ಹೊಗೆಯ ಜೊತೆಗೆ ಮರಳಿನ ಸಣ್ಣ ದೂಳೂ ಸೇರಿತ್ತು.

ಮನೆಯಲ್ಲಿ ಅಡುಗೆಗೆ ಗ್ಯಾಸ್ ಬಂದು ವರ್ಷಗಳಾಗಿವೆ. ಇಷ್ಟು ಕೇಳಿ ಬಿಟ್ಟಿದ್ದರೆ ಹೊಗೆಯ ಸಂಪರ್ಕ ಮುಗಿದಿದೆ ಎಂದೇ ತಿಳಿಯಬೇಕಾಗುತ್ತಿತ್ತು. ಸ್ನಾನದ ನೀರು ಹೇಗೆ ಕಾಯಿಸುತ್ತೀರಿ ಎಂದು ಕೇಳಿದಾಗ, ಬಚ್ಚಲಮನೆಯ ಹಂಡೆ ಒಲೆಗೆ ಬೆಳಗಿನ ಜಾವ ಉರಿ ಹಾಕುವ ಕೆಲಸ ಇವತ್ತಿಗೂ ತಮ್ಮದೇ ಎಂದರು. ಬೇರೆ ಯಾವ ಕೆಲಸವೂ ಆಗದ ಮೇಲೆ ಕುಳಿತಲ್ಲೇ ಮಾಡಬಹುದಾದ ಕೆಲಸವೆಂದು ಅದನ್ನು ಅವರು ಉಳಿಸಿಕೊಂಡಿದ್ದರು. ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳ ಶ್ವಾಸಕೋಶದ ಚರಿತ್ರೆ ಬರೆದುಕೊಳ್ಳುವಾಗ ಅಡುಗೆ ಒಲೆಯಷ್ಟೇ ಬಚ್ಚಲ ಒಲೆಯನ್ನೂ ಕೇಳಬೇಕು.

ಐದು ವರ್ಷಗಳಿಂದ ಬೆಳಗ್ಗೆ ಕಫ ಸಹಿತ ಕೆಮ್ಮು, ಮೂರು ವರ್ಷಗಳಿಂದ ಏದುಸಿರು. ಮೊದಲು ಭಟ್ಟಿ ಬಿಟ್ಟರು, ಆಮೇಲೆ ಸಂತೆ ಬಿಟ್ಟರು, ಕೊನೆಗೆ ದುಗ್ಗಮ್ಮನ ಗುಡಿಗೆ ಹೋಗುವುದನ್ನೂ ಬಿಟ್ಟರು. ಸಮತಟ್ಟಾದ ರಸ್ತೆಯಲ್ಲಿ ಸುಮಾರು 100 ಮೀಟರ್ ನಡೆಯುವಷ್ಟರಲ್ಲಿ ನಿಲ್ಲಲೇಬೇಕಾಗಿತ್ತು. ಏದುಸಿರನ್ನು 0ಯಿಂದ 4ರವರೆಗೆ ಅಳೆಯುವ ಎಂಎಂಆರ್‌ಸಿ ಮಾಪನದಲ್ಲಿ ಇದು 3ನೇ ಹಂತ. ಸೊಸೆ ಅತ್ತೆಯನ್ನು ಅಕ್ಕರೆಯಿಂದ ನೋಡಿಕೊಳ್ಳುವವರು. "ಅತ್ತೆ, ನೀವು ಸುಮ್ನೆ ಕೂತ್ಕಳ್ರಿ, ನಾನ್ ಮಾಡ್ತೀನಿ" ಎಂಬ ಮಾತು ಆ ಮನೆಯಲ್ಲಿ ದಿನಕ್ಕೆ ಹತ್ತು ಬಾರಿ ಕೇಳುತ್ತಿತ್ತು. ತಲೆ ಬಾಚಿಕೊಳ್ಳುವಾಗಲೂ ಉಸಿರು ಕಟ್ಟುತ್ತದೆ ಎಂದು ಅವರು ಸಂಕೋಚದಿಂದ ಹೇಳಿದರು. ಜಡೆಯನ್ನೂ ಸೊಸೆಯೇ ಹಾಕುತ್ತಿದ್ದರು. ಇದು ಮನಸ್ಸಿನ ಭ್ರಮೆಯಲ್ಲ. ಉಸಿರಾಟಕ್ಕೆ ನೆರವಾಗುವ ಕುತ್ತಿಗೆ ಮತ್ತು ಭುಜದ ಸ್ನಾಯುಗಳು, ಕೈ ಮೇಲೆತ್ತಿದಾಗ ತೋಳನ್ನು ಹಿಡಿದು ನಿಲ್ಲಿಸುವ ಕೆಲಸಕ್ಕೆ ಹೋಗಿಬಿಡುತ್ತವೆ; ಆಗ ಉಸಿರಿನ ಭಾರವೆಲ್ಲ ಎದೆ ಮತ್ತು ಹೊಟ್ಟೆಯ ನಡುವಿನ, ಮೊದಲೇ ದಣಿದಿರುವ ಸ್ನಾಯುಪರದೆಯಾದ ವಪೆಯ ಮೇಲೆ ಬೀಳುತ್ತದೆ.

ತಪಾಸಣೆಯಲ್ಲಿ ಕಂಡದ್ದು

ಎತ್ತರ 150 ಸೆಂ.ಮೀ., ತೂಕ 44 ಕೆ.ಜಿ. ತೊಡೆಗಳು ಸೊರಗಿದ್ದವು. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿತ್ತು. ಕುಳಿತಾಗ ಆಮ್ಲಜನಕದ ಪ್ರಮಾಣ ಆಕ್ಸಿಮೀಟರ್‌ನಲ್ಲಿ ಶೇ. 95, ಉಸಿರಾಟ ನಿಮಿಷಕ್ಕೆ 18, ನಾಡಿ 92. ಎದೆಯ ಎಕ್ಸ್-ರೇಯಲ್ಲಿ ಶ್ವಾಸಕೋಶಗಳು ಉಬ್ಬಿದ್ದವು, ವಪೆ ಚಪ್ಪಟೆಯಾಗಿತ್ತು. ಕ್ಷಯದ ಗುರುತುಗಳಿರಲಿಲ್ಲ, ಕಫ ಪರೀಕ್ಷೆಯಲ್ಲೂ ಕ್ಷಯ ಕಾಣಲಿಲ್ಲ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಎಡಭಾಗದ ಕೆಲಸ ಸರಿಯಿತ್ತು, ಶ್ವಾಸಕೋಶದ ರಕ್ತನಾಳಗಳ ಒತ್ತಡ ಸ್ವಲ್ಪ ಹೆಚ್ಚಿತ್ತು.

ಶ್ವಾಸನಾಳ ಹಿಗ್ಗಿಸುವ ಸಾಲ್ಬ್ಯುಟಮಾಲ್ ಔಷಧ ಕೊಟ್ಟ ನಂತರ ಮಾಡಿದ ಸ್ಪೈರೋಮೆಟ್ರಿಯಲ್ಲಿ, ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ, ಅಂದರೆ ಎಫ್‌ಇವಿ-1, 0.82 ಲೀಟರ್, ಅವರ ವಯಸ್ಸು ಮತ್ತು ಎತ್ತರಕ್ಕೆ ಇರಬೇಕಾದ ಪ್ರಮಾಣದ ಶೇ. 47. ಒಟ್ಟು ಹೊರಹಾಕಿದ ಗಾಳಿ 1.62 ಲೀಟರ್. ಇವೆರಡರ ಅನುಪಾತ 0.51. ಔಷಧ ಕೊಟ್ಟ ಮೇಲೂ ಈ ಅನುಪಾತ 0.70ಕ್ಕಿಂತ ಕಡಿಮೆಯಿದ್ದರೆ ಶ್ವಾಸನಾಳಗಳಲ್ಲಿ ಬಿಡದ ಅಡಚಣೆ ಇದೆ ಎಂದರ್ಥ. ಹೊಗೆ ಮತ್ತು ದೂಳಿನ ಚರಿತ್ರೆಯೊಡನೆ ಸೇರಿಸಿ ನೋಡಿದಾಗ ಇದು ಸಿಒಪಿಡಿ, ಅಂದರೆ ಶ್ವಾಸನಾಳಗಳಲ್ಲಿ ಅಡಚಣೆ ಉಳಿದುಬಿಡುವ ದೀರ್ಘಕಾಲದ ಶ್ವಾಸಕೋಶ ರೋಗ; ತೀವ್ರತೆಯಲ್ಲಿ ಮೂರನೆಯ ದರ್ಜೆ.

ಈ ಅಂಕಿಗಳೆಲ್ಲ ಕುಳಿತಲ್ಲಿ ಅಳೆದವು, ರೋಗಿಯ ದೂರು ಮಾತ್ರ ನಡಿಗೆಯದು. ಆದ್ದರಿಂದ ನಡೆಸಿಯೇ ನೋಡಬೇಕಿತ್ತು. 30 ಮೀಟರ್ ಉದ್ದದ ಸಮತಟ್ಟಾದ ಪಡಸಾಲೆಯಲ್ಲಿ ಆರು ನಿಮಿಷ, ತಮಗೆ ಆಗುವಷ್ಟು ವೇಗವಾಗಿ ನಡೆಯಲು ಹೇಳಲಾಯಿತು. ಅವರು ನಡೆದದ್ದು 246 ಮೀಟರ್. ನಾಲ್ಕನೆಯ ನಿಮಿಷದಲ್ಲಿ ಗೋಡೆಗೆ ಕೈಕೊಟ್ಟು, ಮುಂದಕ್ಕೆ ಬಾಗಿ, ಸುಮಾರು 40 ಸೆಕೆಂಡು ನಿಂತರು. ಆಮ್ಲಜನಕ ಶೇ. 90ಕ್ಕೆ ಇಳಿಯಿತು, ನಾಡಿ 128ಕ್ಕೆ ಏರಿತು, ಉಸಿರಾಟ ನಿಮಿಷಕ್ಕೆ 32 ಆಯಿತು. 0ಯಿಂದ 10ರವರೆಗಿನ ಬೋರ್ಗ್ ಮಾಪನದಲ್ಲಿ ಏದುಸಿರಿಗೆ 6 ಎಂದರು. ಕಾಲಿನ ದಣಿವು ಎಷ್ಟು ಎಂದು ಕೇಳಿದಾಗ 5 ಎಂದದ್ದು ನಮ್ಮ ಗಮನ ಸೆಳೆಯಿತು. ತಮ್ಮನ್ನು ನಿಲ್ಲಿಸುತ್ತಿರುವುದು ಎದೆ ಮಾತ್ರವೆಂದು ಅವರೂ ಮನೆಯವರೂ ನಂಬಿದ್ದರು. ಕಾಲುಗಳೂ ಹೆಚ್ಚುಕಡಿಮೆ ಅಷ್ಟೇ ಸೋತಿದ್ದವು.

ನಡೆದಾಗಲೇ ಏಕೆ?

ರೋಗಿಗಳು ಸಾಮಾನ್ಯವಾಗಿ "ಉಸಿರು ಒಳಗೆ ಹೋಗ್ತಿಲ್ಲ" ಎನ್ನುತ್ತಾರೆ. ಅವರ ಅನುಭವ ನಿಜ, ಆದರೆ ಮೂಲ ತೊಡಕು ಇರುವುದು ಗಾಳಿ ಹೊರಗೆ ಹೋಗುವುದರಲ್ಲಿ. ಸಿಒಪಿಡಿಯಲ್ಲಿ ಸಣ್ಣ ಶ್ವಾಸನಾಳಗಳು ಕಿರಿದಾಗಿ, ಉಸಿರು ಬಿಡುವಾಗ ಬೇಗ ಮುಚ್ಚಿಕೊಳ್ಳುತ್ತವೆ. ಕುಳಿತಾಗ ನಿಮಿಷಕ್ಕೆ 18 ಉಸಿರೆಂದರೆ ಒಂದೊಂದಕ್ಕೆ ಮೂರು ಸೆಕೆಂಡಿಗೂ ಹೆಚ್ಚು ಕಾಲ ಸಿಗುತ್ತದೆ; ಅಷ್ಟರಲ್ಲಿ ಗಾಳಿ ನಿಧಾನವಾಗಿಯಾದರೂ ಹೊರಗೆ ಹೋಗುತ್ತದೆ. ನಡೆದಾಗ 32 ಆದರೆ ಒಂದು ಉಸಿರಿಗೆ ಎರಡು ಸೆಕೆಂಡೂ ಇಲ್ಲ, ಅದರಲ್ಲಿ ಬಿಡುವುದಕ್ಕೆ ದಕ್ಕುವುದು ಒಂದು ಸೆಕೆಂಡಿನ ಆಸುಪಾಸು. ಒಳಗಿನ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಉಸಿರು ಶುರುವಾಗುತ್ತದೆ. ಹೀಗೆ ಉಸಿರಿನಿಂದ ಉಸಿರಿಗೆ ಗಾಳಿ ಒಳಗೇ ಉಳಿಯುತ್ತ ಹೋಗಿ, ಹೊಸ ಗಾಳಿಗೆ ಎದೆಯಲ್ಲಿ ಜಾಗ ಕಡಿಮೆಯಾಗುತ್ತದೆ. ವಪೆ ಇನ್ನಷ್ಟು ಚಪ್ಪಟೆಯಾಗಿ ಅದರ ಎಳೆಯುವ ಶಕ್ತಿ ಕುಗ್ಗುತ್ತದೆ. ಮೆದುಳು ಹೆಚ್ಚು ಉಸಿರನ್ನು ಕೇಳುತ್ತಿರುತ್ತದೆ, ಎದೆಗೆ ಅದನ್ನು ಕೊಡಲಾಗುವುದಿಲ್ಲ. ಈ ಕೇಳಿಕೆಗೂ ಕೊಡುವಿಕೆಗೂ ನಡುವಿನ ಕೊರತೆಯೇ ರೋಗಿಗೆ ಏದುಸಿರಾಗಿ, ಕೆಲವೊಮ್ಮೆ ಜೀವಭಯವಾಗಿ ಅನುಭವಕ್ಕೆ ಬರುತ್ತದೆ. ಇವರಲ್ಲಿ ಇದನ್ನು ಅಳೆಯಲೂ ಸಾಧ್ಯವಾಯಿತು: ಪೂರ್ತಿ ಒಳಗೆಳೆದುಕೊಳ್ಳಬಹುದಾದ ಗಾಳಿ ನಡೆಯುವ ಮೊದಲು 1.20 ಲೀಟರ್ ಇದ್ದದ್ದು, ನಡೆದು ನಿಂತ ಕೂಡಲೇ 0.95 ಲೀಟರ್‌ಗೆ ಇಳಿದಿತ್ತು.

ಇದರ ಮೇಲೆ ಕಾಲುಗಳ ಸಮಸ್ಯೆ. ದಮ್ಮು ಬರುತ್ತದೆಂದು ನಡೆಯುವುದನ್ನು ಬಿಟ್ಟರೆ ತೊಡೆಯ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಬೇಗ ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವನ್ನು ಸರಿದೂಗಿಸಲು ಉಸಿರಾಟ ಇನ್ನೂ ಹೆಚ್ಚಬೇಕಾಗುತ್ತದೆ. ಉಸಿರಾಟ ಹೆಚ್ಚಿದಷ್ಟೂ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಎರಡು ವರ್ಷ ಮನೆಯವರು ಪ್ರೀತಿಯಿಂದ ಕೊಟ್ಟ ವಿಶ್ರಾಂತಿ ಈ ಸುಳಿಯನ್ನು ಬಿಗಿಗೊಳಿಸಿತ್ತು. ಇದನ್ನು ಸೊಸೆಗೆ ತಿಳಿಸುವಾಗ ತಪ್ಪು ಹೊರಿಸಿದಂತೆ ಆಗಬಾರದೆಂದು ಎಚ್ಚರ ವಹಿಸಬೇಕಾಯಿತು, ಏಕೆಂದರೆ ಮುಂದಿನ ಚಿಕಿತ್ಸೆ ನಡೆಯಬೇಕಾದದ್ದು ಅವರ ನೆರವಿನಿಂದಲೇ.

ಸಿಒಪಿಡಿಯ ಹಿಂದೆ ಅಡಗಿದ್ದ ಇನ್ನೊಂದು ಕಾರಣ

ಬಿಳಿಚಿದ ಕಣ್ಣಿನ ಗುಟ್ಟು ರಕ್ತ ಪರೀಕ್ಷೆಯಲ್ಲಿ ಹೊರಬಂತು. 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 9.4 ಗ್ರಾಂ, ದೇಹದ ಕಬ್ಬಿಣಾಂಶದ ಸಂಗ್ರಹವನ್ನು ತೋರಿಸುವ ಫೆರಿಟಿನ್ ತೀರಾ ಕಡಿಮೆ. ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಆಕ್ಸಿಮೀಟರ್ ಇದನ್ನು ತೋರಿಸುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು: ಇರುವ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಭಾಗ ಆಮ್ಲಜನಕ ಹೊತ್ತಿದೆ ಎಂಬುದಷ್ಟೇ ಬೆರಳಿನ ಆ ಯಂತ್ರಕ್ಕೆ ಗೊತ್ತು, ಹೊರುವ ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಗೊತ್ತಿಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕ ಹೊರುತ್ತದೆ; 12.5 ಗ್ರಾಂ ಇರುವವರಿಗೆ ಹೋಲಿಸಿದರೆ ಇವರ ರಕ್ತ, ಶೇ. 95 ಎಂದು ತೋರಿಸುತ್ತಿರುವಾಗಲೂ, ಕಾಲುಭಾಗ ಕಡಿಮೆ ಆಮ್ಲಜನಕವನ್ನು ಕಾಲಿನ ಸ್ನಾಯುಗಳಿಗೆ ಮುಟ್ಟಿಸುತ್ತಿತ್ತು.

ಮುಟ್ಟು ನಿಂತ ಹೆಂಗಸಿನಲ್ಲಿ ಕಬ್ಬಿಣಾಂಶ ಏಕೆ ಕಡಿಮೆಯಾಯಿತು ಎಂದು ಹುಡುಕದೆ ಬರೀ ಮಾತ್ರೆ ಕೊಡುವುದು ಸರಿಯಲ್ಲ. ಸೊಂಟನೋವಿಗೆಂದು ಮೆಡಿಕಲ್ ಅಂಗಡಿಯಿಂದ ಬಿಡಿಬಿಡಿಯಾಗಿ ತರಿಸಿದ ನೋವಿನ ಮಾತ್ರೆಯನ್ನು ಅವರು ಬಹಳ ಕಾಲದಿಂದ ನುಂಗುತ್ತಿದ್ದರು. ಎಂಡೋಸ್ಕೋಪಿಯಲ್ಲಿ ಜಠರದ ಒಳಪದರದಲ್ಲಿ ಸಣ್ಣ ಹುಣ್ಣುಗಳಿದ್ದವು. ದೊಡ್ಡಕರುಳಿನ ತಪಾಸಣೆಯಲ್ಲಿ ದೋಷವಿರಲಿಲ್ಲ. ಆ ಮಾತ್ರೆ ನಿಲ್ಲಿಸಿ, ಹೊಟ್ಟೆಯ ಔಷಧ ಮತ್ತು ಕಬ್ಬಿಣಾಂಶದ ಮಾತ್ರೆ ಆರಂಭಿಸಲಾಯಿತು. ಶ್ವಾಸಕೋಶದ ರೋಗ ಒಮ್ಮೆ ಖಚಿತವಾದರೆ ಏದುಸಿರಿನ ಹೊಣೆಯನ್ನೆಲ್ಲ ಅದರ ಮೇಲೇ ಹಾಕುವ ಅಭ್ಯಾಸ ವೈದ್ಯರಲ್ಲಿದೆ. ಈ ವಯಸ್ಸಿನ ರೋಗಿಯಲ್ಲಿ ರಕ್ತಹೀನತೆ, ಹೃದಯದ ದೌರ್ಬಲ್ಯ, ಥೈರಾಯ್ಡ್ ಎಲ್ಲವನ್ನೂ ಒಮ್ಮೆಯಾದರೂ ನೋಡಲೇಬೇಕು.

ಕ್ಯಾಪ್ಸೂಲ್‌ನಲ್ಲೇ ಉಳಿದ ಪುಡಿ

ಇವರ ಬಳಿ ಪುಡಿ ಎಳೆದುಕೊಳ್ಳುವ ಇನ್ಹೇಲರ್ ಆಗಲೇ ಇತ್ತು, "ಅದ್ರಿಂದ ಏನೂ ಆಗಲ್ಲ" ಎನ್ನುತ್ತಿದ್ದರು. ನಮ್ಮೆದುರು ಹಾಕಿಕೊಂಡು ತೋರಿಸಲು ಕೇಳಿದೆವು. ಕ್ಯಾಪ್ಸೂಲ್ ಸರಿಯಾಗಿಯೇ ಇಟ್ಟರು, ತಿರುಗಿಸಿದರು, ಬಾಯಿಗಿಟ್ಟುಕೊಂಡು ಮೊದಲು ಅದರೊಳಕ್ಕೇ ಉಸಿರು ಬಿಟ್ಟರು, ಆಮೇಲೆ ಮೆಲ್ಲಗೆ ಎಳೆದುಕೊಂಡರು. ಬಿಚ್ಚಿ ನೋಡಿದರೆ ಎರಡು ಹೋಳಾದ ಕ್ಯಾಪ್ಸೂಲ್‌ನಲ್ಲಿ ಬಿಳಿ ಪುಡಿ ಬಹುಪಾಲು ಹಾಗೆಯೇ ಇತ್ತು, ಉಸಿರಿನ ತೇವಕ್ಕೆ ಸ್ವಲ್ಪ ಅಂಟಿಕೊಂಡೂ ಇತ್ತು. ತಿಂಗಳುಗಟ್ಟಲೆ ದುಡ್ಡು ಕೊಟ್ಟು ತಂದ ಔಷಧ ಎದೆಗೆ ಇಳಿದೇ ಇರಲಿಲ್ಲ. ಪುಡಿಯ ಇನ್ಹೇಲರ್‌ಗೆ ರಭಸವಾದ ಎಳೆತ ಬೇಕು. ಕೃಶವಾದ ದೇಹ, ಉಬ್ಬಿದ ಎದೆಯ ಇವರಿಗೆ ಅದು ಕಷ್ಟವಾಗುತ್ತಿತ್ತು. ಆದ್ದರಿಂದ ಟಯೊಟ್ರೋಪಿಯಂ ಮತ್ತು ಫಾರ್ಮೊಟೆರಾಲ್ ಕೂಡಿರುವ ಸ್ಪ್ರೇ ಇನ್ಹೇಲರನ್ನು ಸ್ಪೇಸರ್ ಕೊಳವೆಯ ಮೂಲಕ ಕೊಡಲಾಯಿತು. ವ್ಯಾಯಾಮಕ್ಕೆ ಕಾಲು ಗಂಟೆ ಮೊದಲು ಸಾಲ್ಬ್ಯುಟಮಾಲ್. "ಪಂಪು ಅಭ್ಯಾಸ ಆಗಿಬಿಡ್ತತೆ" ಎಂಬ ಅವರ ಹೆದರಿಕೆಗೆ, ಈ ಔಷಧಗಳು ಚಟ ಹಿಡಿಸುವುದಿಲ್ಲ, ಕಿರಿದಾದ ನಾಳಗಳನ್ನು ಹಿಗ್ಗಿಸಿ ಸಿಕ್ಕಿಕೊಂಡ ಗಾಳಿಗೆ ದಾರಿ ಬಿಡುತ್ತವೆ, ರೋಗ ದೀರ್ಘಕಾಲದ್ದಾಗಿರುವುದರಿಂದ ಔಷಧವೂ ದೀರ್ಘಕಾಲ ಬೇಕಾಗುತ್ತದೆ ಎಂದು ಪ್ರತಿ ಭೇಟಿಯಲ್ಲೂ ತಿಳಿಸಿದೆವು.

ಆಮ್ಲಜನಕ ಯಂತ್ರ ಮನೆಗೆ ತರಬೇಕೆ ಎಂಬುದು ಮಗನ ಮುಖ್ಯ ಪ್ರಶ್ನೆಯಾಗಿತ್ತು. ಸಾಲ ಮಾಡಲೂ ಸಿದ್ಧರಿದ್ದರು. ಬೇಡವೆಂದೆವು. ಕುಳಿತಾಗಲೇ ಆಮ್ಲಜನಕ ಶೇ. 88 ಅಥವಾ ಅದಕ್ಕಿಂತ ಕೆಳಗೆ ಇರುವವರಿಗೆ ದೀರ್ಘಕಾಲದ ಆಮ್ಲಜನಕ ಆಯುಷ್ಯ ಹೆಚ್ಚಿಸುತ್ತದೆ. ಕುಳಿತಾಗ ಅಲ್ಪ ಪ್ರಮಾಣದಲ್ಲಿ ಕಡಿಮೆಯಿರುವ ಅಥವಾ ನಡೆದಾಗ ಮಾತ್ರ ಇಳಿಯುವ ರೋಗಿಗಳಲ್ಲಿ ಅದು ಸಾವನ್ನಾಗಲಿ ಆಸ್ಪತ್ರೆ ಸೇರುವುದನ್ನಾಗಲಿ ಕಡಿಮೆ ಮಾಡಲಿಲ್ಲವೆಂದು ಅಮೆರಿಕದಲ್ಲಿ 738 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಇವರದು ನಡೆದಾಗಲೂ 90ರಲ್ಲೇ ನಿಂತಿತ್ತು. ಆ ಹಣದ ಸ್ವಲ್ಪ ಭಾಗದಲ್ಲಿ ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸಿ, ಗಾಳಿ ಆಡುವಂತೆ ಅದನ್ನು ಹೊರಗೋಡೆಗೆ ಕೂರಿಸಿ, ಹಂಡೆ ಒಲೆ ಮುಚ್ಚಲು ಹೇಳಿದೆವು. ಒಂದು ವಾರದಲ್ಲಿ ಅದು ಆಯಿತು.

ವ್ಯಾಯಾಮ

ಶ್ವಾಸಕೋಶ ಪುನಶ್ಚೇತನ ಎಂದು ಕರೆಯುವ ಈ ಚಿಕಿತ್ಸೆಗೆ ಇರುವಷ್ಟು ಆಧಾರ ಸಿಒಪಿಡಿಯ ಎಷ್ಟೋ ಔಷಧಗಳಿಗೂ ಇಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ 65 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಏದುಸಿರು, ದಣಿವು, ನಡಿಗೆ ಎಲ್ಲದರಲ್ಲೂ ಸುಧಾರಣೆಯನ್ನು ದೃಢಪಡಿಸಿತು. ಹೀಗಿದ್ದರೂ ನಮ್ಮ ಜಿಲ್ಲೆಗಳಲ್ಲಿ ಇದನ್ನು ಚೀಟಿಯಲ್ಲಿ ಬರೆಯುವವರು ಕಡಿಮೆ, "ರೆಸ್ಟ್ ಮಾಡಿ" ಎನ್ನುವವರೇ ಹೆಚ್ಚು. ಇದು ನನಗೆ ನಿಜಕ್ಕೂ ನೋವಿನ ವಿಷಯ.

ವಾರಕ್ಕೆ ಎರಡು ದಿನ ಫಿಸಿಯೋಥೆರಪಿ ಕೊಠಡಿಯಲ್ಲಿ, ಮೂರು ದಿನ ಮನೆಯಲ್ಲಿ, ಎಂಟು ವಾರಗಳ ಯೋಜನೆ ಹಾಕಲಾಯಿತು. ಒಂದೇ ಸಮನೆ ನಡೆಸದೆ, ಎರಡು ನಿಮಿಷ ನಡಿಗೆ, ಒಂದು ನಿಮಿಷ ಬಿಡುವು. ಹೀಗೆ ತುಂಡು ತುಂಡಾಗಿ ಮಾಡಿದರೆ ಬಿಡುವಿನಲ್ಲಿ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಲು ಸಮಯ ಸಿಗುತ್ತದೆ, ಕಾಲಿಗೆ ಬೇಕಾದ ಶ್ರಮವೂ ದಕ್ಕುತ್ತದೆ. ಏದುಸಿರು ಬೋರ್ಗ್ ಮಾಪನದಲ್ಲಿ 4ರ ಆಸುಪಾಸಿಗೆ ಬರಬೇಕು, ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೆಟ್ಟಿಲು ಹತ್ತಿ ಇಳಿಯುವುದು ತೊಡೆಗೆ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಭುಜದ ಮಟ್ಟಕ್ಕೆ ಎತ್ತುವುದು ತೋಳಿಗೆ. ಎದೆನೋವು, ತಲೆಸುತ್ತು ಬಂದರೆ ಅಥವಾ ಆಮ್ಲಜನಕ ಶೇ. 88ಕ್ಕಿಂತ ಕೆಳಗಿಳಿದರೆ ಕೂಡಲೇ ನಿಲ್ಲಿಸಬೇಕೆಂದು ಮನೆಯವರಿಗೂ ಹೇಳಿಕೊಡಲಾಯಿತು.

ತುಟಿ ಕಿರಿದುಮಾಡಿ ಉಸಿರು ಬಿಡುವುದನ್ನು ಕಲಿಸಲು ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ ಬೇಕಾಯಿತು. ಬಾಯಿಂದ ಊದಿ ಎಂದಾಗ ಅವರು ಇಷ್ಟು ವರ್ಷ ಒಲೆ ಊದಿದ ಅಭ್ಯಾಸದಂತೆ ಕೆನ್ನೆ ಉಬ್ಬಿಸಿ ಬಲವಾಗಿ ಊದಿದರು. ಬಲವಾಗಿ ಊದಿದಷ್ಟೂ ಎದೆಯೊಳಗಿನ ಒತ್ತಡ ಹೆಚ್ಚಿ ಸಣ್ಣ ನಾಳಗಳು ಇನ್ನೂ ಬೇಗ ಮುಚ್ಚುತ್ತವೆ. ನಮಗೆ ಬೇಕಾದದ್ದು ಮೂಗಿನಿಂದ ಎಳೆದ ಉಸಿರನ್ನು ಅದರ ಎರಡರಷ್ಟು ಹೊತ್ತು, ಹಗುರವಾಗಿ ಬಿಡುವುದು. ಹಾಗೆ ಬಿಟ್ಟಾಗ ತುಟಿಯ ಬಳಿಯ ಸಣ್ಣ ತಡೆ ಒಳಗಿನ ನಾಳಗಳನ್ನು ತೆರೆದಿಡುತ್ತದೆ, ಉಸಿರಿನ ವೇಗವೂ ತಗ್ಗುತ್ತದೆ. ಫಿಸಿಯೋಥೆರಪಿಸ್ಟ್ ಮೊಂಬತ್ತಿ ಹಚ್ಚಿಟ್ಟು, "ಅಮ್ಮಾ, ದೀಪ ಆರಬಾರ್ದು, ಬರೀ ಅಲುಗಾಡಬೇಕು" ಎಂದಾಗ ಕೈಗೆ ಸಿಕ್ಕಿತು. ಕುಳಿತು ಏಳುವಾಗ, ಬಾಗಿ ಕೊಡ ಎತ್ತುವಾಗ, ಶ್ರಮದ ಘಳಿಗೆಯಲ್ಲೇ ಉಸಿರು ಬಿಡಬೇಕೆಂಬುದನ್ನೂ ರೂಢಿ ಮಾಡಿಸಲಾಯಿತು. ತಲೆ ಬಾಚುವಾಗ ಮೊಣಕೈಯನ್ನು ಮೇಜಿನ ಮೇಲೆ ಊರಿಕೊಳ್ಳಲು ಹೇಳಿದೆವು. ಮೂರನೆಯ ವಾರಕ್ಕೆ ಅವರು ತಮ್ಮ ಜಡೆಯನ್ನು ತಾವೇ ಹಾಕಿಕೊಳ್ಳುತ್ತಿದ್ದರು.

ಐದನೆಯ ವಾರದಲ್ಲಿ, ದೀಪಾವಳಿ ಕಳೆದ ಮೇಲೆ, ಕೆಮ್ಮು ಹೆಚ್ಚಿ ಕಫ ಹಳದಿಯಾಯಿತು, ಏದುಸಿರು ಕುಳಿತಲ್ಲೂ ಬಂತು. ಐದು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮತ್ತು ಆಂಟಿಬಯಾಟಿಕ್ ಕೊಟ್ಟು ಮನೆಯಲ್ಲೇ ನಿಭಾಯಿಸಲಾಯಿತು. ವ್ಯಾಯಾಮದಿಂದಲೇ ಹೀಗಾಯಿತೆಂದು ಮಗ ಅನುಮಾನಪಟ್ಟರು, ಅದು ಸಹಜ. ಪಟಾಕಿಯ ಹೊಗೆ ಮತ್ತು ಮನೆಯ ಮಗುವಿನ ಶೀತ ಎರಡೂ ಆ ವಾರದಲ್ಲೇ ಇದ್ದವು. ಎರಡು ವಾರ ಬಿಟ್ಟು, ಮೂರನೆಯ ವಾರದ ಮಟ್ಟದಿಂದ ಮತ್ತೆ ಆರಂಭಿಸಿದೆವು. ಚೇತರಿಸಿಕೊಂಡ ಮೇಲೆ ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆ ಹಾಕಿಸಲಾಯಿತು.

ಫಲಿತಾಂಶ

ಕಾರ್ಯಕ್ರಮ ಮುಗಿದ ಮೇಲೆ ಆರು ನಿಮಿಷದ ನಡಿಗೆ 312 ಮೀಟರ್, ನಡುವೆ ಎಲ್ಲೂ ನಿಲ್ಲಲಿಲ್ಲ. ಈ ಪರೀಕ್ಷೆಯಲ್ಲಿ ಸುಮಾರು 30 ಮೀಟರ್ ಹೆಚ್ಚಿದರೂ ರೋಗಿಗೆ ಅರಿವಾಗುವ ಸುಧಾರಣೆಯೆಂದು ಪರಿಗಣಿಸುತ್ತಾರೆ. ಇಲ್ಲಿ 66 ಹೆಚ್ಚಿತ್ತು. ಕೊನೆಯಲ್ಲಿ ಏದುಸಿರು 6ರ ಬದಲು 4, ಕಾಲಿನ ದಣಿವು 3. ಒಂದು ನಿಮಿಷದಲ್ಲಿ ಕುರ್ಚಿಯಿಂದ ಏಳುವ ಸಂಖ್ಯೆ 14ರಿಂದ 20ಕ್ಕೆ ಏರಿತು. ಹಿಮೋಗ್ಲೋಬಿನ್ 11.3. ಎಫ್‌ಇವಿ-1 0.86 ಲೀಟರ್, 40 ಮಿ.ಲೀ. ವ್ಯತ್ಯಾಸ ಪರೀಕ್ಷೆಯಿಂದ ಪರೀಕ್ಷೆಗೆ ಬರುವ ಏರಿಳಿತದೊಳಗಿನದೇ.

ಈ ಸುಧಾರಣೆಯಲ್ಲಿ ವ್ಯಾಯಾಮದ ಪಾಲೆಷ್ಟು, ಸರಿಯಾಗಿ ಒಳಗೆ ಇಳಿದ ಔಷಧದ ಪಾಲೆಷ್ಟು, ರಕ್ತದ ಪಾಲೆಷ್ಟು, ಮುಚ್ಚಿದ ಒಲೆಯ ಪಾಲೆಷ್ಟು ಎಂದು ಒಂದೇ ಪ್ರಕರಣದಿಂದ ವಿಂಗಡಿಸಲಾಗದು. ವಿಂಗಡಿಸಲೆಂದು ಒಂದೊಂದನ್ನೇ ತಡಮಾಡಿ ಕೊಡುವುದೂ ನ್ಯಾಯವಲ್ಲ. ಹಾಳಾದ ಶ್ವಾಸಕೋಶ ಹಾಗೆಯೇ ಇದ್ದರೂ ಅದರ ಸುತ್ತಲಿನ ರಕ್ತ, ಸ್ನಾಯು, ಉಸಿರಿನ ಲಯ, ಭಯ ಇವೆಲ್ಲ ಬದಲಾಗಬಲ್ಲವು ಎಂಬುದಷ್ಟು ಮಾತ್ರ ಈ ಅಂಕಿಗಳಿಂದ ಖಚಿತ. ಎಫ್‌ಇವಿ-1 ಏರಲಿಲ್ಲವೆಂದು ಚಿಕಿತ್ಸೆ ಸೋತಿತೆನ್ನುವ ವೈದ್ಯರು ಪಡಸಾಲೆಯಲ್ಲಿ ಒಮ್ಮೆ ರೋಗಿಯ ಜೊತೆ ನಡೆದು ನೋಡಬೇಕು.

ದುಗ್ಗಮ್ಮನ ಗುಡಿಗೆ ಅವರು ಈಗ ಮಂಗಳವಾರ ನಡೆದೇ ಹೋಗುತ್ತಾರೆ, ದಾರಿಯಲ್ಲಿ ಎರಡು ಕಡೆ ನಿಂತು. ವ್ಯಾಯಾಮ ಬಿಟ್ಟರೆ ಗಳಿಸಿದ ಶಕ್ತಿ ಆರು ತಿಂಗಳಿಂದ ಒಂದು ವರ್ಷದೊಳಗೆ ಕರಗುತ್ತ ಹೋಗುವುದರಿಂದ, ಮನೆಯ ವ್ಯಾಯಾಮವನ್ನು ಮುಂದುವರಿಸಲು, ಮೂರು ತಿಂಗಳಿಗೊಮ್ಮೆ ಬಂದು ನಡಿಗೆ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಲಾಗಿದೆ. ಅವರ ಮಗ ಇಂದಿಗೂ ಭಟ್ಟಿಯಲ್ಲೇ ದುಡಿಯುತ್ತಿದ್ದಾರೆ, ಬೆಳಗ್ಗೆ ಕೆಮ್ಮುತ್ತಾರೆ, ಅದನ್ನು ರೋಗವೆಂದು ಈವರೆಗೆ ಎಣಿಸಿರಲಿಲ್ಲ. ತಾಯಿಯ ಮುಂದಿನ ಭೇಟಿಯ ದಿನವೇ ಅವರಿಗೂ ಸ್ಪೈರೋಮೆಟ್ರಿ ನಿಗದಿಯಾಗಿದೆ.